ಮೇಡಮ್ ಬರೆದ ನಾಲ್ಕು ಸಾಲು

ನಲವತ್ತನಾಲ್ಕನೇ ವಯಸ್ಸಿನಲ್ಲಿ ಕಾಯಂ ಕೆಲಸ ಸಿಕ್ಕಿದ ಹೆಂಗಸು ಮೊದಲ ದಿನ ಹೋಗಿ ಏನು ಮಾಡಿದಳು ಗೊತ್ತೇ? ತಪ್ಪು ಪುಸ್ತಕದಲ್ಲಿ ಸಹಿ ಹಾಕಿದಳು. ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಕಾಲೇಜಿನ ಆಫೀಸು ಹೊಕ್ಕು, ಬಾಗಿಲ ಪಕ್ಕದ ಸ್ಟೂಲಿನ ಮೇಲಿದ್ದ ತೆಳ್ಳನೆಯ ಪುಸ್ತಕ ಬಿಡಿಸಿ, ಗಂಟೆ ಲೆಕ್ಕದ ಮೇಷ್ಟ್ರುಗಳ ಪಟ್ಟಿಯ ಕೆಳಗೆ ತನ್ನ ಹೆಸರು ಬರೆದು, ಸಹಿ ಹಾಕಿ, ಬಂದ ಹೊತ್ತನ್ನೂ ನಮೂದಿಸಿ ಹೊರಟಳು. ಅಟೆಂಡರ್ ಆ ಪುಸ್ತಕ ಹಿಡಿದುಕೊಂಡು ಕಾರಿಡಾರಿನ ಉದ್ದಕ್ಕೂ ಅವಳ ಹಿಂದೆ ಓಡಿ ಬಂದ.

“ಮೇಡಮ್, ನಿಮ್ಮದು ಒಳಗಡೆ ಟೇಬಲ್ ಮೇಲಿರೋ ದಪ್ಪ ಪುಸ್ತಕ. ಇದು ಬಂದು ಹೋಗೋರದ್ದು.”

“ಹೌದಲ್ಲ,” ಅಂದಳು. ನಗಲು ಹೋದಳು, ಆಗಲಿಲ್ಲ. ಹದಿನಾಲ್ಕು ವರ್ಷ ಬಂದು ಹೋಗುವವಳಾಗಿಯೇ ಇದ್ದವಳಿಗೆ ಬಂದು ಇರುವುದು ಹೇಗೆಂದು ಒಂದೇ ಬೆಳಿಗ್ಗೆ ತಿಳಿಯುತ್ತದೆಯೇ?

ಮನೆಯಲ್ಲಿ ಅವಳ ಹೆಸರು ಹುಳದತ್ತೆ. ಎರೆಹುಳುಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದ ಅತ್ತೆ, ಹಿತ್ತಲಲ್ಲಿ ಮೊಣಕಾಲೂರಿ ಕೂತು ಚಮಚದಲ್ಲಿ ಮಣ್ಣು ಕೆದಕುವುದನ್ನು ನೋಡಿ ಅಣ್ಣನ ಐದು ವರ್ಷದ ಮಗಳು ಇಟ್ಟ ಹೆಸರು ಅದು. ಅತ್ತಿಗೆ ಮೊದಲು ಮಗಳನ್ನು ಗದರಿಸಿದಳು, ಆಮೇಲೆ ತಾನೂ ಹಾಗೇ ಕರೆಯತೊಡಗಿದಳು, ಕೊನೆಗೆ ಹಾಲಿನವನೂ “ಹುಳದತ್ತೆ ಇದ್ದಾರಾ?” ಅಂತ ಕೇಳುವಷ್ಟಕ್ಕೆ ಬಂತು. ಅವಳಿಗೇನೂ ಬೇಸರವಿರಲಿಲ್ಲ. ಆ ಹೆಸರನ್ನು ಯಾರೂ ಅರ್ಜಿ ಹಾಕಿಸಿಕೊಂಡು ಕೊಟ್ಟಿರಲಿಲ್ಲವಲ್ಲ.

ಹದಿನಾಲ್ಕು ವರ್ಷ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಬದುಕಿದಳು. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಮೂರನೆಯದು. ಅವಳ ಚೀಲದಲ್ಲಿ ಸೀಮೆಸುಣ್ಣ ಇರುತ್ತಿತ್ತು, ಡಸ್ಟರ್ ಇರುತ್ತಿತ್ತು, ಭೂತಗನ್ನಡಿ ಇರುತ್ತಿತ್ತು, ಊಟದ ಡಬ್ಬಿ ಇರುತ್ತಿತ್ತು. ಕೂರಲು ಕುರ್ಚಿ ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ ರಜೆ ಹಾಕಿದ ದಿನ ಅವರ ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದಳು. ಅಂಚಿನಲ್ಲಿ ಕೂತು ಕೂತು, ಈಗ ತನ್ನದೇ ಕೋಣೆ, ತನ್ನದೇ ಕುರ್ಚಿ, ಬಾಗಿಲ ಮೇಲೆ ತನ್ನದೇ ಹೆಸರು ಇದ್ದರೂ ಅಂಚಿನಲ್ಲೇ ಕೂರುತ್ತಿದ್ದಳು. ಚೀಲದಿಂದ ಡಸ್ಟರ್ ತೆಗೆದಿಡಲು ಅವಳಿಗೆ ಎರಡು ವಾರ ಹಿಡಿಯಿತು.

ಈ ನಡುವೆ ಜೀವನ ಸುಮ್ಮನೆ ಕಾದು ಕೂತಿತ್ತೇ? ಇಲ್ಲ. ಸಂಜೆ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವನೊಬ್ಬ ಇದ್ದ. ಮೆತ್ತಗಿನ ಮನುಷ್ಯ, ಮಾತಿಗಿಂತ ಕೆಮ್ಮು ಜಾಸ್ತಿ. “ಇಬ್ಬರಲ್ಲಿ ಒಬ್ಬರಿಗಾದರೂ ಕಾಯಂ ಆಗಲಿ, ಆಮೇಲೆ ಮದುವೆ” ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದರು. ನಾಲ್ಕು ವರ್ಷ ಕಾದ. ಐದನೇ ವರ್ಷ ಅವನಿಗೆ ಬೇರೆ ಊರಿನಲ್ಲಿ ಕೆಲಸವೂ ಆಯಿತು, ಅಲ್ಲೇ ಮದುವೆಯೂ ಆಯಿತು. ಅವಳು ಅವನನ್ನು ಒಂದು ಮಾತೂ ಅನ್ನಲಿಲ್ಲ. ಅಮ್ಮ ಅಂದಳು, ಅಂದು ಅಂದು ಸುಸ್ತಾದಳು, ಮೂರು ವರ್ಷದ ಹಿಂದೆ ತೀರಿಕೊಂಡಳು. ಪ್ರತಿ ಸಂದರ್ಶನದ ದಿನ ಅಮ್ಮ ಕೇಳುತ್ತಿದ್ದದ್ದು ಒಂದೇ: “ಅವರು ನಿನ್ನ ಏನು ಕೇಳಿದ್ರು, ನೀನು ಏನು ಹೇಳಿದೆ?” ಅವಳು ಎಲ್ಲಕ್ಕೂ ಉತ್ತರ ಹೇಳಿ ಬಂದಿರುತ್ತಿದ್ದಳು. ಎಷ್ಟೋ ಕಡೆ ಕರೆಯುತ್ತಲೇ ಇರಲಿಲ್ಲ. ತನ್ನಲ್ಲಿ ಏನು ಕಮ್ಮಿ ಅನ್ನುವುದು ಅವಳಿಗೆ ಬಿಡಿಸಲಾಗದ ಗಂಟಾಗಿತ್ತು.

ಇಷ್ಟು ವರ್ಷ ಅವಳ ಬೆನ್ನಿಗೆ ನಿಂತವರು ಒಬ್ಬರೇ, ಅವಳ ಸಂಶೋಧನೆಯ ಗೈಡ್ ಮೇಡಮ್. ಅವರಿಗೂ ಒಂದು ಅಡ್ಡಹೆಸರಿತ್ತು, ಅಳತೆಕೋಲು ಅಂತ. ಅಳತೆಕೋಲು ಮೇಡಮ್ ನೂರಕ್ಕೆ ಅರವತ್ತೆರಡಕ್ಕಿಂತ ಹೆಚ್ಚು ಅಂಕ ಕೊಟ್ಟದ್ದನ್ನು ಕಂಡವರಿಲ್ಲ. ಹುಳುವಿನ ಮೈಯ ಉಂಗುರ ಎಣಿಸುವಾಗ ಒಂದು ಹೆಚ್ಚು ಹೇಳಿದರೂ ಒಂದು ಕಮ್ಮಿ ಹೇಳಿದರೂ ಅವರಿಗೆ ಒಂದೇ: ಮತ್ತೆ ಮೊದಲಿಂದ. ತಲೆ ಮೇಲೆ ತಲೆ ಬಿದ್ದರೂ ಒಂದು ಅಂಕಿ ಆಚೀಚೆ ಮಾಡುವವರಲ್ಲ. ಯಾರನ್ನೂ ಹೊಗಳಿ ಅಟ್ಟಕ್ಕೇರಿಸಿದವರಂತೂ ಅಲ್ಲವೇ ಅಲ್ಲ. ಆರು ತಿಂಗಳು ದುಡಿದು ತಂದ ಅಧ್ಯಾಯವನ್ನು ಕೊನೆಯ ಪುಟದವರೆಗೂ ಓದಿ, ಕನ್ನಡಕ ತೆಗೆದು, “ಪರವಾಗಿಲ್ಲ” ಅಂದರೆ, ಆ ವಿದ್ಯಾರ್ಥಿ ಅವತ್ತು ಗೆಳೆಯರಿಗೆಲ್ಲ ಚಹಾ ಕೊಡಿಸುತ್ತಿದ್ದ. ಆ ಲ್ಯಾಬಿನಲ್ಲಿ ಅದಕ್ಕಿಂತ ಮೇಲಿನ ಮಾತೇ ಇರಲಿಲ್ಲ. ಹುಳದತ್ತೆಗೆ ಆ ಮಾತು ಏಳು ವರ್ಷದಲ್ಲಿ ಮೂರು ಸಲ ಸಿಕ್ಕಿತ್ತು. ಬೇರೆ ಯಾರಿಗೂ ಎರಡನೇ ಸಲ ಸಿಕ್ಕಿರಲಿಲ್ಲ.

ಅಧ್ಯಾಪಕರ ಕೆಲಸಕ್ಕೆ ಅರ್ಜಿ ಹಾಕುವವರಿಗೆ ಗೊತ್ತು: ಅರ್ಜಿಯ ಜೊತೆ ಗೈಡ್ ಬರೆದ ಶಿಫಾರಸು ಪತ್ರ ಹೋಗಬೇಕು, ಅದೂ ಮುಚ್ಚಿದ ಲಕೋಟೆಯಲ್ಲಿ, ಗೈಡ್ ಕೈಯಿಂದಲೇ ನೇರವಾಗಿ. ಯಾರ ಬಗ್ಗೆ ಬರೆದಿದೆಯೋ ಅವರು ಅದನ್ನು ನೋಡುವ ಹಾಗಿಲ್ಲ. ಮೇಡಮ್ ಒಂದು ಸಲವೂ ಇಲ್ಲ ಅನ್ನಲಿಲ್ಲ, ಒಂದು ದಿನವೂ ತಡ ಮಾಡಲಿಲ್ಲ. ನಿವೃತ್ತರಾದ ಮೇಲೂ ಪ್ರತಿ ಪತ್ರವನ್ನು ಕೈಯಲ್ಲೇ ಬರೆದು, ತಾವೇ ಅಂಟಿಸಿ, ತಾವೇ ಅಂಚೆ ಕಚೇರಿಗೆ ನಡೆದು ಹೋಗಿ ಹಾಕಿ ಬರುತ್ತಿದ್ದರು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದು ಹೋಯಿತು. ಅದೇ ಹೊತ್ತಿಗೆ ಈ ಕಾಲೇಜಿನ ಅರ್ಜಿ ಬಂತು. ಹುಳದತ್ತೆ ಬೇರೆ ದಾರಿ ಕಾಣದೆ, ಹಿಂದೆ ತನ್ನ ಜೊತೆ ಗಂಟೆ ಲೆಕ್ಕದಲ್ಲಿ ದುಡಿದು ಈಗ ಎಲ್ಲೋ ದೊಡ್ಡ ಕುರ್ಚಿಯಲ್ಲಿ ಕೂತಿದ್ದ ಗೆಳೆಯನೊಬ್ಬನನ್ನು ಕೇಳಿದಳು. ಅವನು ಒಂದು ಸಂಜೆಯಲ್ಲಿ ಬರೆದು ಕಳಿಸಿದ. ಇತ್ತ ಮೇಡಮ್ ಆಸ್ಪತ್ರೆಯ ಹಾಸಿಗೆಯಲ್ಲೇ ಎಡಗೈಯಲ್ಲಿ ಬರೆಯುವುದನ್ನು ರೂಢಿ ಮಾಡಿಕೊಂಡು ತಾವೂ ಒಂದು ಪತ್ರ ಬರೆದರು, ನರ್ಸ್ ಕೈಯಲ್ಲಿ ಅಂಚೆಗೆ ಹಾಕಿಸಿದರು. ಕೆಲಸ ಸಿಕ್ಕಿದ ಸುದ್ದಿ ಹೇಳಲು ಹೋದಾಗ ಅವರ ಸೊಟ್ಟಗಾದ ಬಾಯಿಯಲ್ಲಿ ನಗು ಮೂಡಿತು. “ನನ್ನ ಬಲಗೈ ಹದಿನಾಲ್ಕು ವರ್ಷ ಮಾಡದ ಕೆಲಸ ಎಡಗೈ ಒಂದೇ ಏಟಿಗೆ ಮಾಡಿತು ನೋಡು,” ಅಂದರು. ಇಬ್ಬರೂ ನಕ್ಕರು. ಅದು ಸಂತೋಷದ ದಿನ. ಅಂಥ ದಿನ ಅವಳಿಗೆ ಮತ್ತೆ ಬರಲಿಲ್ಲ.

ಮೂರನೇ ತಿಂಗಳು. ವಿಭಾಗಕ್ಕೆ ಒಬ್ಬ ತಾತ್ಕಾಲಿಕ ಲ್ಯಾಬ್ ಶಿಕ್ಷಕರು ಬೇಕಾಗಿದ್ದರು. ಅರ್ಜಿಗಳನ್ನು ಆರಿಸಲು ವಿಭಾಗದ ಮುಖ್ಯಸ್ಥರು ಅವಳನ್ನೂ ಕೂರಿಸಿಕೊಂಡರು. ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬೀಗವಿಲ್ಲ. ಅವರು ಅರ್ಜಿಗಳನ್ನು ಓದುತ್ತಲೇ ಇರಲಿಲ್ಲ. ಲಕೋಟೆ ಒಡೆಯುವುದು, ಶಿಫಾರಸು ಪತ್ರದ ಮೇಲೆ ಕಣ್ಣಾಡಿಸುವುದು, ಎಡಕ್ಕೋ ಬಲಕ್ಕೋ ಇಡುವುದು. ಎಡಕ್ಕೆ ಹೋದ ಒಂದು ಪತ್ರವನ್ನು ಅವಳು ಎತ್ತಿ ನೋಡಿದಳು. ‘ಶ್ರದ್ಧೆಯಿಂದ ಕೆಲಸ ಮಾಡುತ್ತಾನೆ. ಸಮಯಪಾಲನೆ ಇದೆ’ ಅಂತ ಬರೆದಿತ್ತು.

“ಇದು ಚೆನ್ನಾಗೇ ಇದೆಯಲ್ಲ ಸರ್?”

“ಅಯ್ಯೋ, ಅದು ಬೇಡ ಅಂತ ಹೇಳೋ ರೀತಿ ಮೇಡಮ್. ‘ಹೊತ್ತಿಗೆ ಸರಿಯಾಗಿ ಬರ್ತಾನೆ’ ಅಂದ್ರೆ ಬೇರೇನೂ ಹೇಳೋಕೆ ಸಿಕ್ಕಿಲ್ಲ ಅಂತ. ಗೈಡೇ ಹೊಗಳದಿದ್ದವನನ್ನ ನಾವ್ಯಾಕೆ ಕಟ್ಕೋಬೇಕು?” ಅಂದರು. ಆಮೇಲೆ ಏನೋ ನೆನಪಾಗಿ ನಕ್ಕರು. “ನಿಮ್ಮದೇ ನೋಡಿ. ಆರು ವರ್ಷದ ಹಿಂದೆ ನೀವು ಇಲ್ಲಿಗೇ ಹಾಕಿದ್ರಿ, ಬಿಟ್ಟುಬಿಟ್ಟಿದ್ವಿ. ಈ ಸಲದ ಪತ್ರ ಓದಿದ ಮೇಲೆ, ಅಯ್ಯೋ, ಇಂಥವರನ್ನ ಹೇಗೆ ಬಿಟ್ವಿ ಅನ್ನಿಸ್ತು.”

“ಆರು ವರ್ಷದ ಹಿಂದೆ ಯಾಕೆ ಬಿಟ್ರಿ ಸರ್?” ಅಂದಳು. ಅವರು ಕಪಾಟಿನಿಂದ ಅವಳ ಕಡತ ತೆಗೆದು ಮುಂದಿಟ್ಟರು. ಇಡಬಾರದಿತ್ತು, ಅವಳು ನೋಡಬಾರದಿತ್ತು. ಇಬ್ಬರೂ ನಿಯಮ ಮರೆತರು.

ಆರು ವರ್ಷದ ಹಿಂದಿನ ಪತ್ರ ಮೊದಲು ಸಿಕ್ಕಿತು. ಮೇಡಮ್ಮರ ಬಲಗೈಯ ನೆಟ್ಟನೆಯ ಅಕ್ಷರ. ನಾಲ್ಕೇ ಸಾಲು. ‘ಈಕೆಯನ್ನು ಹದಿನೈದು ವರ್ಷಗಳಿಂದ ಬಲ್ಲೆ. ಹೊತ್ತಿಗೆ ಸರಿಯಾಗಿ ಬರುತ್ತಾಳೆ. ಎಣಿಕೆಯಲ್ಲಿ ತಪ್ಪುವುದಿಲ್ಲ. ಕೆಲಸ ಪರವಾಗಿಲ್ಲ.’ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು: ‘ಗೈಡಿಗೇ ಉತ್ಸಾಹವಿಲ್ಲ. ಬೇಡ.’ ಅದರ ಕೆಳಗೆ ಈ ಸಲ ಗೆಳೆಯ ಬರೆದ ಪತ್ರ, ಒಂದೂವರೆ ಪುಟ, ‘ಈ ತಲೆಮಾರಿನ ಅಪರೂಪದ ಪ್ರತಿಭೆ’ ಅಂತ ಶುರುವಾಗಿತ್ತು. ಪಾಪ, ಅವನಿಗೆ ಎರೆಹುಳುವಿಗೆ ಕಣ್ಣಿಲ್ಲ ಅನ್ನುವುದೂ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಕೆಳಗೆ ಒಂದು ಲಕೋಟೆ, ಮೇಲೆ ಎಡಗೈಯ ಓಲಾಡುವ ಅಕ್ಷರದಲ್ಲಿ ಕಾಲೇಜಿನ ವಿಳಾಸ. ಒಡೆದಿರಲಿಲ್ಲ.

“ಅದು ಎರಡು ದಿನ ತಡವಾಗಿ ಬಂತು,” ಅಂದರು ಮುಖ್ಯಸ್ಥರು. “ನಿಮ್ಮ ಪುಣ್ಯ.”

ಅವತ್ತು ಅವಳು ಮಧ್ಯಾಹ್ನದ ಪಾಠ ಮಾಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವಳು ತಪ್ಪಿಸಿದ ಮೊದಲ ಪಾಠ ಅದು. ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಮೂರು ಸಲ ಸಿಕ್ಕ ಆ ಮಾತನ್ನು ಅವಳು ಎದೆಯಲ್ಲಿಟ್ಟುಕೊಂಡು ಸಾಕಿದ್ದಳು. ಅದೇ ಮಾತು ಊರೂರಿನ ಆಫೀಸುಗಳಲ್ಲಿ ಅವಳ ಬಾಗಿಲು ಮುಚ್ಚುತ್ತಾ ಬಂದಿತ್ತು. ಅಷ್ಟು ಓದಿದವರಿಗೆ, ಅಷ್ಟು ಕಂಡವರಿಗೆ, ಲೋಕ ಹೇಗೆ ಮಾತಾಡುತ್ತದೆ ಅನ್ನುವಷ್ಟೂ ಗೊತ್ತಿರಲಿಲ್ಲವೇ? ಒಂದೇ ಒಂದು ಸಾಲು ಹೆಚ್ಚು ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಗಣಿತದವನು ನೆನಪಾದ. ಅಮ್ಮ ನೆನಪಾದಳು. ತನ್ನಲ್ಲಿ ಏನೂ ಕಮ್ಮಿ ಇರಲಿಲ್ಲ ಅನ್ನುವುದು ಗೊತ್ತಾದಾಗ ಯಾರಿಗಾದರೂ ಸಂತೋಷವಾಗಬೇಕು. ಅವಳಿಗೆ ಸಿಟ್ಟು ಇನ್ನೂ ಏರಿತು.

ಪ್ರತಿ ಭಾನುವಾರ ಮೇಡಮ್ಮರನ್ನು ನೋಡಲು ಹೋಗುತ್ತಿದ್ದವಳು ಮೂರು ಭಾನುವಾರ ಹೋಗಲಿಲ್ಲ. ಅತ್ತಿಗೆ ಕೇಳಿದಾಗ “ಪೇಪರ್ ತಿದ್ದೋದಿದೆ” ಅಂದಳು. ಮನಸ್ಸಿನಲ್ಲೇ ಮೇಡಮ್ಮರ ಮುಂದೆ ನಿಂತು ಅನ್ನಬೇಕಾದ್ದನ್ನೆಲ್ಲ ಅಂದಳು. ಹಾಗೆ ಅನ್ನುವಾಗಲೆಲ್ಲ ಅವರ ಬಿದ್ದ ಬಲಗೈ ಕಣ್ಣ ಮುಂದೆ ಬರುತ್ತಿತ್ತು, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಕೊನೆಗೆ, ಇದನ್ನು ಅವರಿಗೆ ಯಾವತ್ತೂ ಹೇಳಬಾರದು ಅಂತ ತೀರ್ಮಾನಿಸಿದಳು. ಎಪ್ಪತ್ನಾಲ್ಕು ವರ್ಷದ ಜೀವ. ಹಾಸಿಗೆ ಹಿಡಿದಿದೆ. ತಾನು ಒಬ್ಬಳನ್ನು ದಡ ಮುಟ್ಟಿಸಿದೆ ಅನ್ನುವುದೊಂದೇ ಅದಕ್ಕೆ ಉಳಿದಿರುವ ಸುಖ.

ಆ ತೀರ್ಮಾನ ನಿಂತದ್ದು ಮೂರೇ ದಿನ. ನಾಲ್ಕನೇ ದಿನ ಕನ್ನಡಕದ ಹುಡುಗಿ ಫೋನ್ ಮಾಡಿದಳು. ಅವಳು ಮೇಡಮ್ಮರ ಕೊನೆಯ ವಿದ್ಯಾರ್ಥಿನಿ, ನಿವೃತ್ತಿಯ ನಂತರ ಮನೆಯ ವರಾಂಡದಲ್ಲೇ ಕೂರಿಸಿ ಕಲಿಸಿದವಳು. ಮೂವತ್ತೊಂದು ವರ್ಷ. ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದಾಳೆ.

“ಅಕ್ಕಾ, ಒಂದು ಕಡೆ ಕಾಯಂ ಹುದ್ದೆ ಇದೆ, ಮುಂದಿನ ವಾರ ಶುಕ್ರವಾರ ಕೊನೇ ದಿನ. ಮೇಡಮ್ ಪತ್ರ ಬರೀತೀನಿ ಅಂತಿದ್ದಾರೆ, ಆದ್ರೆ ಈಗ ಎಡಗೈನೂ ನಡುಗುತ್ತೆ. ನೀವು ಭಾನುವಾರ ಬಂದ್ರೆ ಅವರು ಹೇಳ್ತಾರಂತೆ, ನೀವು ಬರ್ಕೋಬೇಕಂತೆ. ನಾನು ಬರೆಯೋ ಹಾಗಿಲ್ಲವಲ್ಲ.”

ಹುಳದತ್ತೆ ಫೋನ್ ಇಟ್ಟು ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಆ ಹುಡುಗಿ ತನ್ನ ಹಾಗೇ ನಲವತ್ತನಾಲ್ಕು ಮುಟ್ಟುತ್ತಾಳೆ. ಬಾಯಿ ಬಿಟ್ಟರೆ ಮೇಡಮ್ ಉಳಿದ ದಿನಗಳನ್ನು ನೆಮ್ಮದಿಯಾಗಿ ಕಳೆಯಲಾರರು. ಮೂರನೆಯದೊಂದು ದಾರಿ ಭಾನುವಾರ ಬಸ್ಸಿನಲ್ಲಿ ಹೋಗುವಾಗ ಹೊಳೆಯಿತು. ಕಳ್ಳದಾರಿ, ಆದರೂ ದಾರಿ: ಅವರು ಹೇಳುವುದನ್ನು ಹೇಳಲಿ, ತಾನು ಬರೆಯಬೇಕಾದ್ದನ್ನು ಬರೆದರಾಯಿತು.

ಮೇಡಮ್ ಕಿಟಕಿಯ ಪಕ್ಕ ದಿಂಬಿಗೊರಗಿ ಕೂತಿದ್ದರು. ಮೂರು ಭಾನುವಾರ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. “ಬರ್ಕೋ,” ಅಂದರು.

“ಈಕೆಯನ್ನು ಏಳು ವರ್ಷಗಳಿಂದ ಬಲ್ಲೆ.” ಒಂದು ಉಸಿರು. “ಹೊತ್ತಿಗೆ ಸರಿಯಾಗಿ ಬರುತ್ತಾಳೆ.” ಮತ್ತೊಂದು ಉಸಿರು. “ಎಣಿಕೆಯಲ್ಲಿ ತಪ್ಪುವುದಿಲ್ಲ. ಕೆಲಸ ಪರವಾಗಿಲ್ಲ. ಅಷ್ಟೇ.”

ಹುಳದತ್ತೆ ಬರೆಯುತ್ತಲೇ ಇದ್ದಳು. ನಾಲ್ಕು ಸಾಲಿಗೆ ಬೇಕಾದ ಹೊತ್ತಿಗಿಂತ ತುಂಬ ಹೆಚ್ಚು ಹೊತ್ತು ಬರೆದಳು. ಆ ಹುಡುಗಿ ಮೂರು ವರ್ಷ ಒಂದೇ ಹೊಲದ ಮಣ್ಣು ಜರಡಿ ಹಿಡಿದದ್ದು, ಯಾರೂ ಕಾಣದ ಎರಡು ಹೊಸ ಜಾತಿಯ ಹುಳು ಪತ್ತೆ ಮಾಡಿದ್ದು, ಅವಳಂಥವಳು ಸಿಕ್ಕರೆ ಯಾವ ಕಾಲೇಜಿಗಾದರೂ ಭಾಗ್ಯ ಅನ್ನುವುದು, ಎಲ್ಲವನ್ನೂ ಬರೆದಳು. ಕೆಳಗೆ ಸಹಿಗೆ ಜಾಗ ಬಿಟ್ಟು, ಹಾಳೆಯನ್ನು ಅರ್ಧ ಮಡಚಿ ಮುಂದೆ ಹಿಡಿದಳು.

ಓದದೆ ಸಹಿ ಹಾಕುವವರಾಗಿದ್ದರೆ ಅವರನ್ನು ಯಾರು ಅಳತೆಕೋಲು ಅನ್ನುತ್ತಿದ್ದರು? ಮಡಿಕೆ ಬಿಡಿಸಿದರು. ಕನ್ನಡಕ ಹಾಕಿಕೊಂಡರು. ಕೊನೆಯವರೆಗೂ ಓದಿದರು.

“ನಾನು ಹೇಳಿದ್ದು ಇದಲ್ಲ.”

“ಅಲ್ಲ ಮೇಡಮ್. ಇದರಲ್ಲಿ ಒಂದು ಸಾಲಾದ್ರೂ ಸುಳ್ಳಿದ್ರೆ ಹೇಳಿ, ಹೊಡೆದು ಹಾಕ್ತೀನಿ.”

ಅವರು ಮತ್ತೆ ಮೊದಲಿಂದ ಓದಿದರು, ಉತ್ತರಪತ್ರಿಕೆ ತಿದ್ದುವ ಹಾಗೆ ಸಾಲು ಸಾಲಿಗೆ ಬೆರಳಿಟ್ಟು. “ಸುಳ್ಳಿಲ್ಲ,” ಅಂದರು. “ಆದರೆ ಹೀಗೆಲ್ಲ ಬಾಯಿಬಿಟ್ಟು ಹೇಳ್ತಾರಾ?”

“ಎಲ್ಲರೂ ಹೀಗೇ ಹೇಳ್ತಾರೆ ಮೇಡಮ್. ಹೇಳದಿದ್ರೆ, ಹೇಳೋಕೆ ಏನೂ ಇಲ್ಲ ಅಂದ್ಕೋತಾರೆ.”

ಹೇಳಿದ ಮೇಲೆ ಅವಳಿಗೆ ತಾನು ಏನು ಹೇಳಿಬಿಟ್ಟೆ ಅನ್ನುವುದು ತಿಳಿಯಿತು. ಮೇಡಮ್ ಕಿಟಕಿಯ ಕಡೆ ತಿರುಗಿದರು. ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ ಚೈನ್ ಸರಿಮಾಡುತ್ತಿದ್ದರು. ಸೈಕಲ್ ಹೊರಟು ಹೋದ ಮೇಲೆ ಅವಳ ಕಡೆ ತಿರುಗಿದರು.

“ನಿನಗೆ ಕೆಲಸ ಕೊಡಿಸಿದ್ದು ಯಾರ ಪತ್ರ?”

“ನಿಮ್ಮದೇ…”

“ಎಣಿಸುವಾಗ ಸುಳ್ಳು ಹೇಳಬಾರದು ಅಂತ ಕಲಿಸಿದ್ದೆ.”

ಅವಳು ತಲೆ ತಗ್ಗಿಸಿದಳು. “ನಿಮ್ಮದು ಎರಡು ದಿನ ತಡವಾಗಿ ತಲುಪಿತ್ತು ಮೇಡಮ್. ಒಡೆದಿರಲಿಲ್ಲ.”

ಮೂರು ವಾರದಿಂದ ಕಟ್ಟಿಟ್ಟುಕೊಂಡಿದ್ದ ಸಿಟ್ಟಿನ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಮೇಡಮ್ಮರ ಎಡಗೈ ಹೊದಿಕೆಯ ಮೇಲೆ ಏನೋ ಎಣಿಸುವ ಹಾಗೆ ಆಡುತ್ತಿತ್ತು.

“ಮೂವತ್ತೆಂಟು,” ಅಂದರು. “ನಿನಗೆ ಅಂತ ಬರೆದದ್ದು ಮೂವತ್ತೆಂಟು. ಅಂಚೆಗೆ ಹಾಕಿ ಬರುವಾಗ ಪ್ರತಿ ಸಲ ಅಂದ್ಕೋತಿದ್ದೆ, ಇಷ್ಟು ದೊಡ್ಡ ಮಾತು ಬರೆದಿದ್ದೀನಿ, ಈ ಸಲ ಆಗೇ ಆಗುತ್ತೆ ಅಂತ.”

ಅವರು ಅಳಲಿಲ್ಲ. ಅತ್ತಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಕನ್ನಡಕದ ಹುಡುಗಿಯ ಪತ್ರವನ್ನು ಎಳೆದುಕೊಂಡು, ನಡುಗುವ ಎಡಗೈಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. “ನಾಳೆನೇ ಹಾಕು,” ಅಂದರು. ಆಮೇಲೆ, “ಇನ್ನೊಂದು ಹಾಳೆ ತಗೋ.”

“ಯಾರಿಗೆ ಮೇಡಮ್?”

“ನಿನಗೆ.”

“ನನಗೀಗ ಬೇಡವಲ್ಲ.”

“ಬರ್ಕೋ,” ಅಂದರು ಅವರು, ಲ್ಯಾಬಿನಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ. ಅವಳು ಪೆನ್ನು ಹಿಡಿದಳು. “ಇವಳು ನನ್ನ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಜಾಣೆ. ಮೂರನೇ ವರ್ಷಕ್ಕೇ ನನಗಿಂತ ಚೆನ್ನಾಗಿ ಹುಳು ಗುರುತಿಸ್ತಿದ್ದಳು. ನಾನು ತಪ್ಪಿದ ಕಡೆ ಎರಡು ಸಲ ತಿದ್ದಿದಳು, ಅದೂ ನನಗೆ ನೋವಾಗದ ಹಾಗೆ. ಇವಳನ್ನು ತೆಗೆದುಕೊಂಡವರು ಪುಣ್ಯವಂತರು.” ಮುಂದೆ ಹೇಳಲು ಉಸಿರು ಸಾಲಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಬರೆದೆಯಾ?”

“ಬರೆದೆ.”

“ತಾರೀಖು ಹಾಕು.”

ಅವಳು ಅವತ್ತಿನ ತಾರೀಖು ಬರೆಯಲು ಹೋದಳು. ಮೇಡಮ್ ಅವಳ ಮಣಿಕಟ್ಟು ಹಿಡಿದರು.

“ಇವತ್ತಿಂದಲ್ಲ. ಮೊದಲನೇ ಅರ್ಜಿ ಯಾವತ್ತು ಹಾಕಿದ್ದೆ? ಆ ತಾರೀಖು ಹಾಕು.”

ಹುಳದತ್ತೆ ಹದಿನಾಲ್ಕು ವರ್ಷದ ಹಿಂದಿನ ಒಂದು ಆಗಸ್ಟ್ ಒಂಬತ್ತನ್ನು ಬರೆದಳು. ಅದರ ಕೆಳಗೆ ಮೇಡಮ್ ಸಹಿ ಹಾಕಿದರು. ಈ ಸಲ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಹಾಳೆಯನ್ನು ತಾವೇ ಮಡಚಲು ನೋಡಿದರು, ಒಂದೇ ಕೈಯಲ್ಲಿ ಆಗಲಿಲ್ಲ, ಅವಳೇ ಮಡಚಿಕೊಂಡಳು.

“ಕತ್ತಲಾಗೋಕೆ ಮುಂಚೆ ಹೊರಡು,” ಅಂದರು. “ಮುಂದಿನ ಭಾನುವಾರ ಬರ್ತೀಯಾ?”

“ಬರ್ತೀನಿ ಮೇಡಮ್.”

ಬಸ್‌ಸ್ಟಾಪಿನಲ್ಲಿ ಅವಳು ಕೂತು ಅತ್ತಳು, ಪಕ್ಕದಲ್ಲಿ ಜನ ಇದ್ದಾರೆ ಅನ್ನುವುದನ್ನೂ ನೋಡದೆ. ಅವಳ ಬಸ್ಸು ಬಂತು, ಹೋಯಿತು. ಇನ್ನೊಂದು ಬಂದಾಗಲೂ ಅವಳಿಗೆ ಏಳಲಾಗಲಿಲ್ಲ.